ತಿಗಣೆ ಕಾರಿಗೆ ಕೈ ಹಚ್ಚಬೇಡಿ

ಹೋದ ತಿಂಗಳು ತಂಗಿಯ ಮೊಮ್ಮಗಳ ನಾಮಕರಣಕ್ಕೆಂದು ಮಧುಗಿರಿಗೆ ಹೋಗಿದ್ದೆ. ಕೆರೆ ಏರಿಯ ಹತ್ತಿರ ಒಂದು ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಅದರ ಇಂಜಿನ್ನಿನ ಮೇಲೆ ಯಾರೋ ಒದ್ದೆ ಗೋಣಿತಾಟು ಹೊದಿಸಿದ್ದರು. ಕಾದ ಕಬ್ಬಿಣದ ಮೇಲೆ ಗೋಣಿ ಆರುವ ವಾಸನೆ ಮೂಗಿಗೆ ಬಡಿದದ್ದೇ ತಡ, ತಳ್ಳಲು ಬಂದಿದ್ದ ನಾಲ್ಕು ಜನರನ್ನು ನೋಡಿ ನನ್ನ ಬಾಯಿಂದ ತಾನಾಗಿ ಮಾತು ಹೊರಟಿತು: "ಯಾರೂ ಕೈ ಹಚ್ಚಬೇಡಿ!" ಅವರು ಬೆಪ್ಪಾಗಿ ನಿಂತರು. ಪಕ್ಕದಲ್ಲಿದ್ದ ತಂಗಿ ನಕ್ಕುಬಿಟ್ಟಳು. "ಅಕ್ಕಾ, ಎಪ್ಪತ್ತು ದಾಟಿತು ನಿನಗೆ. ಇನ್ನೂ ಆ ಭೂತ ಬಿಟ್ಟಿಲ್ವಾ?" ಅಂದಳು. ಬಿಟ್ಟಿಲ್ಲ. ಬಿಡುವುದೂ ಬೇಡ.

ಆ ಭೂತ ಅಂದರೆ ನಮ್ಮಪ್ಪನ ಕಾರು. ಯಾವುದೋ ಕಾಲದ ಇಂಗ್ಲಿಷ್ ಕಾರು, ನನಗಿಂತ ಏಳೆಂಟು ವರ್ಷ ದೊಡ್ಡದು. ಕಂಪನಿಯ ಹೆಸರಿದ್ದ ಬಿಲ್ಲೆ ನಾನು ಹುಟ್ಟುವ ಮೊದಲೇ ಎಲ್ಲೋ ಬಿದ್ದುಹೋಗಿತ್ತಂತೆ. ಎರಡೇ ಬಾಗಿಲು, ಗುಂಡು ಬೆನ್ನು, ಕೆಂಪೂ ಅಲ್ಲದ ಕಂದೂ ಅಲ್ಲದ ಬಣ್ಣ. ನೋಡಿದವರು ತಿಗಣೆ ಅಂತ ಹೆಸರಿಟ್ಟರು, ಅದೇ ನಿಂತಿತು. "ಡಾಕ್ಟ್ರ ತಿಗಣೆ ಬಂತು" ಅಂದರೆ ಅಪ್ಪ ಬಂದರು ಅಂತ ಅರ್ಥ. ಅಪ್ಪ ಮಧುಗಿರಿ ಪೇಟೆಯಲ್ಲಿ ಶಾಪು ಇಟ್ಟುಕೊಂಡಿದ್ದರು. ಡಾಕ್ಟರ ಕ್ಲಿನಿಕ್ಕನ್ನು ಆಗೆಲ್ಲ ಶಾಪು ಅಂತಲೇ ಅನ್ನುತ್ತಿದ್ದದ್ದು. ಶಾಪಿನ ಕೆಲಸದ ಜೊತೆಗೆ ವಾರಕ್ಕೊಂದು ದಿನ ಕೊಡಿಗೇನಹಳ್ಳಿ, ಒಂದು ದಿನ ಕೊರಟಗೆರೆ ಕಡೆಯ ಹಳ್ಳಿಗಳು, ಹದಿನೈದು ದಿನಕ್ಕೊಮ್ಮೆ ಪಾವಗಡದ ದಾರಿ ಹಿಡಿದು ನಿಡುಗಲ್ಲಿನ ಬೆಟ್ಟದ ಬುಡ. ಬಸ್ಸು ಹೋಗದ ಊರುಗಳಿಗೆಲ್ಲ ತಿಗಣೆ ಹೋಗುತ್ತಿತ್ತು. ಬಿ.ಎಸ್ಸಿ. ಮುಗಿಸಿದ ನಾನು ಅಪ್ಪನ ಕಾಂಪೌಂಡರ್ ಆಗಿ, ಮಿಕ್ಸ್ಚರ್ ಬಾಟಲಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ.

ತಿಗಣೆಯ ಚೇಷ್ಟೆಗಳನ್ನು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಎಡಕ್ಕೋ ಬಲಕ್ಕೋ ತಿರುಗುವಾಗ ದೀಪ ಮಿನುಗುವ ಕಾರಲ್ಲ ಅದು. ಬಾಗಿಲ ಪಕ್ಕದಿಂದ ಗೇಣುದ್ದದ ಒಂದು ಕೈ ಟಪ್ಪೆಂದು ಹೊರಗೆ ಚಾಚುತ್ತಿತ್ತು. ಚಾಚಿದ ಕೈ ಮತ್ತೆ ಒಳಗೆ ಹೋಗಲು ಗುದ್ದಬೇಕಿತ್ತು. ಒಂದು ಸಲ ಕೊರಟಗೆರೆ ಸಂತೆಯಲ್ಲಿ ಒಬ್ಬ ಅಜ್ಜ ಆ ಕೈಗೆ ತನ್ನ ಚೀಲ ನೇತುಹಾಕಿ ಎಲೆಗೆ ಸುಣ್ಣ ಸವರುತ್ತಾ ನಿಂತಿದ್ದ. ನಾವು ನೋಡದೆ ಹೊರಟುಬಿಟ್ಟೆವು. ಎರಡು ಮೈಲಿ ಹೋದಮೇಲೆ ಕಿಟಕಿಯ ಆಚೆ ಕೋಳಿ ಕೂಗಿತು. ಅಪ್ಪ "ಸರೋಜ, ಈ ಶಬ್ದ ಹೊಸದು, ಮಸ್ತಾನ್ ಸಾಬರಿಗೆ ತೋರಿಸಬೇಕು" ಅಂದರು. ಚೀಲದಲ್ಲಿ ಹುಂಜ ಇತ್ತು. ತಿರುಗಿ ಹೋಗಿ ಕೊಟ್ಟಾಗ ಅಜ್ಜ ನಿಂತ ಜಾಗ ಬಿಟ್ಟು ಕದಲಿರಲಿಲ್ಲ. "ನೀವು ಬತ್ತೀರಾ ಅಂತ ಗೊತ್ತಿತ್ತು ಬುಡಿ" ಅಂದ.

ರೇಡಿಯೇಟರ್ ಸೋರುತ್ತಿತ್ತು. ಅದರೊಳಗೆ ಒಂದು ಹಿಡಿ ಅರಿಶಿನದ ಪುಡಿ ಹಾಕಿದರೆ ತೂತು ಮುಚ್ಚಿಕೊಳ್ಳುತ್ತದೆ ಎಂದು ಸಿರಾದ ಮೆಕ್ಯಾನಿಕ್ ಮಸ್ತಾನ್ ಸಾಬರು ಹೇಳಿಕೊಟ್ಟಿದ್ದರು. ಮುಚ್ಚಿಕೊಳ್ಳುತ್ತಿತ್ತು ಕೂಡ. ಒಂದು ದಿನ ಅರಿಶಿನ ಮುಗಿದಿತ್ತು ಅಂತ ಅಮ್ಮ ರಾಗಿಹಿಟ್ಟು ಹಾಕಿದಳು. ಕೊಡಿಗೇನಹಳ್ಳಿ ಮುಟ್ಟುವ ಹೊತ್ತಿಗೆ ಅಂಬಲಿ ಉಕ್ಕಿ ಮುಂಗಡೆ ಗಾಜಿಗೆಲ್ಲ ಎರಚಿತು. ಮೂರು ದಿನ ಇಂಜಿನ್ನಿನಿಂದ ಮುದ್ದೆಯ ವಾಸನೆ ಹೋಗಲಿಲ್ಲ.

ಇನ್ನು ತಳ್ಳುವ ವಿಚಾರ. ತಿಗಣೆಯ ಬ್ಯಾಟರಿಗೆ ಯಾವತ್ತೂ ಜೀವ ಸಾಲದು, ನಾಲ್ಕು ಜನ ತಳ್ಳಿದರೇ ಹೊರಡುತ್ತಿದ್ದದ್ದು. ಅಪ್ಪ ಅದನ್ನೇ ವೈದ್ಯಕ್ಕೆ ಬಳಸಿಕೊಂಡುಬಿಟ್ಟಿದ್ದರು. ಟೈಫಾಯ್ಡಿನಲ್ಲಿ ಮಲಗಿ ಎದ್ದವರೋ ಎದೆಯಲ್ಲಿ ನೀರು ತುಂಬಿ ವಾಸಿಯಾದವರೋ ಬಂದು "ಡಾಕ್ಟ್ರೇ, ಇನ್ನು ಕೆಲ್ಸಕ್ಕೋಗ್ಬೌದಾ?" ಅಂದರೆ "ನಡಿ, ಕಾರು ತಳ್ಳು ನೋಡೋಣ" ಅನ್ನುವರು. ತಾವು ಸ್ಟೇರಿಂಗ್ ಹಿಡಿದು ಕೂತು, ಕಿಟಕಿಯಿಂದ ಕಿವಿ ಹೊರಗಿಟ್ಟು, ತಳ್ಳುವವನ ಉಸಿರು ಕೇಳುವರು. ಹತ್ತು ಹೆಜ್ಜೆ ಆದಮೇಲೆ ತೀರ್ಪು. ಏದುಸಿರಿದ್ದರೆ "ಇನ್ನೂ ಒಂದು ವಾರ ಮಲಗು." ಇಲ್ಲದಿದ್ದರೆ "ನಾಳೆಯಿಂದ ಕೆಲಸಕ್ಕೆ ಹೋಗು." ಹೀಗಾಗಿ ತಿಗಣೆ ತಳ್ಳುವುದು ನಮ್ಮೂರಲ್ಲಿ ಒಂದು ಶಾಸ್ತ್ರವೇ ಆಗಿಹೋಗಿತ್ತು. ಬಾಣಂತನ ಮುಗಿಸಿದ ಹೆಂಗಸರು ಕೂಡ ಕಂಕುಳಲ್ಲಿ ಮಗು ಇಟ್ಟುಕೊಂಡೇ ಒಂದು ಕೈ ಮುಟ್ಟಿಸಿ ಹೋಗುವರು. ಕಾರು ನಿಂತರೆ ಸಾಕು, ಕರೆಯುವುದೇ ಬೇಡ, ಜನ ಓಡಿ ಬರುತ್ತಿದ್ದರು. ಅವರ ಮುಖಂಡ ಈರಣ್ಣ, ಕಡಲೆಕಾಯಿ ಮಂಡಿಯಲ್ಲಿ ಮೂಟೆ ಹೊರುವವನು. "ನಾನು ಮೂರು ಕಿತಾ ಸತ್ತು ಬದುಕ್ದೋನು, ಮೂರು ಕಿತಾನೂ ಈ ತಿಗ್ಣೆ ತಳ್ಳೇ ಪಾಸಾದೋನು" ಅಂತ ಎದೆ ತಟ್ಟಿಕೊಳ್ಳುತ್ತಿದ್ದ.

ಎಪ್ಪತ್ತೆಂಟನೇ ಇಸವಿಯ ಆಷಾಢ. ಆ ವರ್ಷ ಗಾಳಿ ಅಂದರೆ ಗಾಳಿ. ಮಧುಗಿರಿ ಬೆಟ್ಟದ ಬಂಡೆಗೆ ಬಡಿದು ತಿರುಗಿ ಬಂದು ಪೇಟೆಯ ತಗಡುಗಳನ್ನೆಲ್ಲ ಎಬ್ಬಿಸುತ್ತಿತ್ತು. ಹೊಲಗಳಲ್ಲಿ ಕಡಲೆಕಾಯಿ ಬಿತ್ತನೆ ನಡೆದಿತ್ತು. ಒಂದು ಬೆಳಿಗ್ಗೆ ನಾವಿಬ್ಬರೂ ಕೊಡಿಗೇನಹಳ್ಳಿಗೆ ಹೊರಟಿದ್ದೆವು. ರಸ್ತೆ ಬದಿಯಲ್ಲಿ ಒಂದು ರಾಗಿ ಹುಲ್ಲಿನ ಗಾಡಿ ನಿಂತಿತ್ತು. ಬೆಟ್ಟದಷ್ಟು ಹುಲ್ಲು, ಹಗಲು ಬೆಳಕು, ಅಪ್ಪ ಬ್ರೇಕು ಹಾಕುತ್ತಾರೆ ಅಂತ ನಾನು ಸುಮ್ಮನೆ ಕೂತಿದ್ದೆ. ಹಾಕಲಿಲ್ಲ. ನಾನು ಕಿರುಚುವಷ್ಟರಲ್ಲಿ ಗಾಜಿನ ಮುಂದೆಲ್ಲ ಹುಲ್ಲು ತುಂಬಿತು.

"ಗಾಳಿಗೆ ಹುಲ್ಲು ಹಾರಿ ಬಂತೇನಮ್ಮ?" ಅಂದರು ಅಪ್ಪ.

"ಇಲ್ಲಪ್ಪ. ನಾವೇ ಹುಲ್ಲಿನೊಳಗೆ ಬಂದಿದೀವಿ" ಅಂದೆ.

ಗಾಡಿಯವನು ಬಿದ್ದೂ ಬಿದ್ದೂ ನಗುತ್ತಾ ಬಂದ. ನನಗೂ ನಗು ಬಂದಿತ್ತು. ಆದರೆ ಅಪ್ಪ ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಗಾಡಿಯವನು ನಗು ನಿಲ್ಲಿಸಿದ. ಆಮೇಲೆ ತಾನೇ ಎತ್ತುಗಳನ್ನು ಬಿಚ್ಚಿ ತಿಗಣೆಗೆ ಕಟ್ಟಿ ನಮ್ಮನ್ನು ಮಧುಗಿರಿಗೆ ಎಳೆದು ತಂದ. ಅಪ್ಪನ ಗುಟ್ಟು ಅವತ್ತು ಬಯಲಾಯಿತು. ಎರಡು ವರ್ಷದಿಂದ ಪಕ್ಕದ ನೋಟವೆಲ್ಲ ಹೋಗಿ, ಎದುರಿನದೂ ಮಂಜಾಗುತ್ತಾ ಬಂದಿದ್ದನ್ನು ನಮ್ಮಿಂದ ಮುಚ್ಚಿಟ್ಟಿದ್ದರು. ಹೋದ ನೋಟ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಅಷ್ಟೇ ಎಂದು ತುಮಕೂರಿನ ಕಣ್ಣಿನ ಡಾಕ್ಟರು ಹೇಳಿದರು.

ಅಪ್ಪ ಮನೆಗೆ ಬಂದವರೇ ತೀರ್ಮಾನ ಹೇಳಿಬಿಟ್ಟರು. "ದೀಪಾವಳಿಗೆ ಶಾಪಿನ ಬಾಗಿಲು ಹಾಕ್ತೀನಿ. ಕಣ್ಣು ಕಾಣದ ಡಾಕ್ಟ್ರು ಜನಕ್ಕೆ ಅಪಾಯ. ಕಾರನ್ನ ಮಸ್ತಾನ್ ಸಾಬರಿಗೆ ಕೊಟ್ಟುಬಿಡಿ, ಗುಜರಿಗೆ ಹಾಕಲಿ."

ಶಾಪು ಇಲ್ಲದ ಅಪ್ಪನನ್ನು ನಾನು ಕಂಡೇ ಇರಲಿಲ್ಲ. ಭಾನುವಾರ ಮಧ್ಯಾಹ್ನವೇ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ಇನ್ನು ಜೀವಮಾನವೆಲ್ಲ ಭಾನುವಾರವಾದರೆ ಏನು ಗತಿ?

"ಕಾರು ನಾನು ಓಡಿಸ್ತೀನಿ" ಅಂದೆ.

ಅಮ್ಮ ಹಣೆ ಚಚ್ಚಿಕೊಂಡಳು. "ಮೊದಲೇ ಮೂಗಿನ ತುದೀಲಿ ಕೋಪ ಇವಳಿಗೆ. ಕೈಗೆ ಕಾರು ಬೇರೆ ಕೊಟ್ಟರೆ ಊರಲ್ಲಿ ಯಾರೂ ಉಳಿಯಲ್ಲ."

ಅಪ್ಪ "ದೀಪಾವಳಿಯೊಳಗೆ ಲೈಸೆನ್ಸ್ ತಗೊಂಡು ಬಾ, ಆಮೇಲೆ ಮಾತು. ಅಲ್ಲೀವರೆಗೆ ನಾನು ಹಳ್ಳಿಗೆ ಹೋಗಲ್ಲ" ಅಂದರು. ಹೇಗೂ ಆಗುವುದಿಲ್ಲ ಅನ್ನುವ ಧೈರ್ಯದಲ್ಲಿ ಹೇಳಿದ ಮಾತು ಅದು. ಲೈಸೆನ್ಸ್ ಕೊಡುವ ಇನ್‌ಸ್ಪೆಕ್ಟರು ತುಮಕೂರಿನಿಂದ ತಿಂಗಳಿಗೊಮ್ಮೆ ಬಂದು ಪ್ರವಾಸಿ ಮಂದಿರದ ಮುಂದೆ ಮೇಜು ಹಾಕಿಕೊಂಡು ಕೂರುತ್ತಿದ್ದರು. ದೀಪಾವಳಿಯೊಳಗೆ ನನಗಿದ್ದದ್ದು ಮೂರೇ ಮೂರು ಸರದಿ.

ಮಸ್ತಾನ್ ಸಾಬರು ಸಿರಾದಿಂದ ಬಸ್ಸಿನಲ್ಲಿ ಬಂದು ಕಲಿಸಿದರು. ಆಷಾಢದ ಗಾಳಿಯಲ್ಲಿ ಸಿರಾ ರಸ್ತೆಯಲ್ಲಿ ನನ್ನ ಸೆರಗು ಅವರ ಮುಖಕ್ಕೆ, ಅವರ ಟೋಪಿ ಹೊಲಕ್ಕೆ. ನಾನು ಗೇರು ಬೀಳದಿದ್ದರೆ ತಿಗಣೆಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. "ಅರೆ ಬೇಟಿ, ಬೈಬ್ಯಾಡಮ್ಮಾ. ಇದು ಬುಡ್ಡಿ ಗಾಡಿ, ಮುನಿಸ್ಕೊಂತೈತೆ. ಪ್ಯಾರ್‌ಸೆ ಹೇಳು" ಅನ್ನುವರು. ನಾನು ಹಲ್ಲು ಕಚ್ಚಿಕೊಂಡು "ಚಿನ್ನಾ, ಹೋಗಮ್ಮಾ" ಅಂದರೆ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಬೈದರೇ ಹೋಗುತ್ತಿದ್ದದ್ದು. ಒಂದು ತಿಂಗಳಿಗೆ ಮಸ್ತಾನ್ ಸಾಬರೂ ನನ್ನ ಜೊತೆ ಸೇರಿ ಉರ್ದುವಿನಲ್ಲಿ ಬೈಯಲು ಶುರುಮಾಡಿದರು.

ಶ್ರಾವಣದಲ್ಲಿ ಮೊದಲ ಪರೀಕ್ಷೆ. ಪ್ರವಾಸಿ ಮಂದಿರದಿಂದ ಹೊರಟು, ಪೇಟೆ ಬೀದಿ ದಾಟಿ, ಕೆರೆ ಏರಿಗೆ ಹತ್ತುವ ದಿಣ್ಣೆಯ ನಡುವೆ ಕಾರು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಎತ್ತಿ ಮೇಲೆ ಹೋಗಬೇಕು. ಇನ್‌ಸ್ಪೆಕ್ಟರು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಖಡಕ್ ಮನುಷ್ಯ, ನಗು ಅನ್ನುವುದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಕಾರಿನ ನೆಲದ ತೂತಿನಿಂದ ರಸ್ತೆ ಕಾಣುತ್ತಿದ್ದದ್ದನ್ನು ನೋಡಿ ಎರಡೂ ಕಾಲು ಮೇಲಕ್ಕೆತ್ತಿ ಕೂತರು. ಪೇಟೆ ಬೀದಿಯವರೆಗೆ ಎಲ್ಲ ಸರಿಯಾಗೇ ಇತ್ತು. ಅಲ್ಲಿ ಒಂದು ಕುರಿಮಂದೆ ಅಡ್ಡ ಬಂತು. ನಾನು ಶಿಸ್ತಾಗಿ ಬ್ರೇಕು ಹಾಕಿ ನಿಲ್ಲಿಸಿದೆ.

ಅಷ್ಟೇ. ತಿಗಣೆ ನಿಂತಿತು ಅಂತ ಮಂಡಿಯ ಕಡೆಯಿಂದ ಕೂಗು ಎದ್ದಿತು. "ಲೇ, ಡಾಕ್ಟ್ರ ಮಗಳು ಕಣ್ಲಾ, ಬರ‍್ರಲಾ!" ಅಂತ ಈರಣ್ಣ ಮೂಟೆ ಬಿಸಾಕಿ ಓಡಿ ಬಂದ. ಅವನ ಹಿಂದೆ ಒಂದು ಹತ್ತು ಹನ್ನೆರಡು ಜನ. ನಾನು ಬ್ರೇಕು ಒತ್ತಿದಷ್ಟೂ ಅವರು ಜೋರಾಗಿ ತಳ್ಳಿದರು. ತಿಗಣೆ ಕುರಿಗಳ ನಡುವೆ ತೇಲಿಕೊಂಡು ಪೇಟೆಯ ಆ ತುದಿ ಮುಟ್ಟಿತು.

"ಇಂಜಿನ್ ಓಡ್ತಾ ಇದೆಯಲ್ರೀ! ಯಾಕ್ರೀ ತಳ್ತಾ ಇದ್ದಾರೆ?" ಅಂತ ಇನ್‌ಸ್ಪೆಕ್ಟರು ಕೂಗಿದರು.

"ಅಭ್ಯಾಸ ಸಾರ್" ಅಂದೆ.

"ತಳ್ಳಿಸಿಕೊಂಡು ಹೋಗೋದನ್ನ ಡ್ರೈವಿಂಗ್ ಅನ್ನಲ್ಲ" ಅಂತ ಫೇಲು ಬರೆದರು.

ಆ ಸಂಜೆ ಶಾಪಿನ ಮೆಟ್ಟಿಲ ಮೇಲೆ ನಿಂತು ಪೇಟೆಗೆ ಪೇಟೆಯನ್ನೇ ಸೇರಿಸಿ ಮಂಗಳಾರತಿ ಮಾಡಿದೆ. "ಇನ್ನು ಮೇಲೆ ತಿಗಣೆಗೆ ಯಾರೂ ಕೈ ಹಚ್ಚಬೇಡಿ. ಕಾರು ನಿಲ್ಲಲಿ, ಉರಿಯಲಿ, ಕೆರೆಗೆ ಬೀಳಲಿ, ನಿಮಗೆ ಬೇಡ. ಹಚ್ಚಿದವರಿಗೆ ಮಿಕ್ಸ್ಚರಿಗೆ ಸಕ್ಕರೆ ಪಾಕ ಬೆರೆಸಲ್ಲ, ಕಹೀನೇ ಕುಡೀಬೇಕು. ಗೊತ್ತಾಯ್ತಾ?" ಕಾಂಪೌಂಡರ್ ಕೈಯಲ್ಲಿ ಎಷ್ಟು ಅಧಿಕಾರ ಇರುತ್ತದೆ ಅನ್ನುವುದು ಅವತ್ತು ಗೊತ್ತಾಯಿತು. ಎಲ್ಲರೂ ತೆಪ್ಪಗಾದರು. ಈರಣ್ಣ ಮಾತ್ರ ಮುಖ ಸಣ್ಣದು ಮಾಡಿಕೊಂಡು, "ನಾವು ಒಳ್ಳೇದಕ್ಕೇ ಅಲ್ವೇನಮ್ಮ ತಳ್ಳಿದ್ದು? ನಮ್ ಡಾಕ್ಟ್ರು ಶಾಪು ಮುಚ್ಬುಟ್ರೆ ನಾವೆಲ್ಲೋಗಾನ?" ಅಂದ. ನಾನು ಒಳಗೆ ಹೋಗಿ ಬಾಟಲಿ ತೊಳೆಯುವ ನೆಪದಲ್ಲಿ ಅತ್ತೆ.

ಭಾದ್ರಪದದಲ್ಲಿ ಎರಡನೇ ಸರದಿ. ಪೇಟೆ ಬೀದಿಯಲ್ಲಿ ಒಂದು ನರಪಿಳ್ಳೆ ಕಾರಿನ ಹತ್ತಿರ ಸುಳಿಯಲಿಲ್ಲ. ಎಲ್ಲರೂ ಕೈ ಹಿಂದೆ ಕಟ್ಟಿ ಗೋಡೆಗೆ ಒರಗಿ ನಿಂತಿದ್ದರು. ಅಪ್ಪ ಕೆರೆ ಏರಿಯ ಮೇಲೆ, ಅರಳಿಮರದ ಕಟ್ಟೆಯಲ್ಲಿ ಅಮ್ಮನ ಜೊತೆ ಕೂತಿದ್ದರು. ಕಾಣದಿದ್ದರೂ ಇಂಜಿನ್ನಿನ ಶಬ್ದ ಕೇಳಿಸುತ್ತದಲ್ಲ ಅಂತ ಬಂದಿದ್ದರು. ನಾನು ದಿಣ್ಣೆಯ ನಡುವೆ ಕಾರು ನಿಲ್ಲಿಸಿದೆ. ಹ್ಯಾಂಡ್‌ಬ್ರೇಕು ಹಾಕಿದೆ. ಮತ್ತೆ ಎತ್ತುವಾಗ ತಿಗಣೆ ಒಂದು ಸಲ ಕೆಮ್ಮಿ ಪ್ರಾಣ ಬಿಟ್ಟಿತು.

ಅಲ್ಲಿ ಮಾಡಿದೆ ನೋಡಿ ಘನಂದಾರಿ ಕೆಲಸ. ಇಷ್ಟು ವರ್ಷ ಆ ಪಕ್ಕದ ಸೀಟಿನಲ್ಲಿ ಕೂತು ಕೇಳಿದ ಮಾತು, ಯೋಚನೆ ಮಾಡುವ ಮೊದಲೇ ನಾಲಿಗೆಯಿಂದ ಜಾರಿತು.

"ಸಾರ್, ಸ್ವಲ್ಪ ಇಳೀರಿ. ತಳ್ಳಿ."

ಅದಕ್ಕಿಂತ ಸೋಜಿಗ ಅಂದರೆ, ಆ ಮನುಷ್ಯ ಇಳಿದು ತಳ್ಳಿಬಿಟ್ಟರು! ನನ್ನ ದನಿಯಲ್ಲಿ ಅಷ್ಟು ಗತ್ತು ಇತ್ತೋ ಏನೋ. ಎಂಟು ಹೆಜ್ಜೆ ತಳ್ಳಿದರು, ಇಂಜಿನ್ ಹತ್ತಿಕೊಂಡಿತು, ನಾನು ಏರಿಯ ಮೇಲೆ ಹೋಗಿ ನಿಂತೆ. ಹಿಂದಿನಿಂದ ಪ್ಯಾಡು ಹಿಡಿದು ನಡೆದು ಬಂದರು. ಬಿಳಿ ಪ್ಯಾಂಟಿಗೆ ಹೊಗೆಯ ಮಸಿ ಬಳಿದಿತ್ತು.

"ರೀ, ನಾನ್ಯಾಕ್ರೀ ತಳ್ಳಿದೆ?" ಅಂದರು.

ಅವರು ಫೇಲು ಬರೆಯಲು ಪೆನ್ನು ತೆಗೆದರು. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಅಪ್ಪನ ದನಿ ಬಂತು.

"ಆ ಉಸಿರು ಯಾರದು?"

ಅಪ್ಪ ಕಟ್ಟೆ ಇಳಿದು, ಅಮ್ಮನ ಭುಜ ಹಿಡಿದುಕೊಂಡು ಶಬ್ದ ಬಂದ ಕಡೆಗೇ ನಡೆದು ಬಂದರು. "ಎಂಟು ಹೆಜ್ಜೆಗೆ ಇಷ್ಟು ಏದುಸಿರು ಬರಬಾರದು. ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತಾ? ಎಡಗೈ ಭಾರ ಅನ್ಸುತ್ತಾ?" ಇನ್‌ಸ್ಪೆಕ್ಟರ ಮುಖ ಬಿಳಿಚಿಕೊಂಡಿತು. "ಎರಡು ತಿಂಗಳಿಂದ ಹಾಗೇ ಇದೆ ಡಾಕ್ಟ್ರೇ. ವಾಯು ಅಂದ್ಕೊಂಡಿದ್ದೆ" ಅಂದರು. ಅಪ್ಪ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿಕೊಂಡು ಕೇಳಿದರು. "ವಾಯು ಅಲ್ಲ. ನಾಳೆ ಬೇಡ, ಇವತ್ತೇ ತುಮಕೂರಿನ ದೊಡ್ಡಾಸ್ಪತ್ರೆಗೆ ಹೋಗಿ. ನಾನು ಚೀಟಿ ಬರೆಸಿಕೊಡ್ತೀನಿ" ಅಂದರು. ಅವರು ಹೇಳಿದರು, ನಾನು ಬರೆದೆ. ಇನ್‌ಸ್ಪೆಕ್ಟರು ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡರು. ಹೋಗುವ ಮುಂಚೆ ನನ್ನ ಫಾರಂನಲ್ಲಿ ಫೇಲು ಅಂತ ಬರೆಯುವುದನ್ನು ಮರೆಯಲಿಲ್ಲ.

ಮನೆಗೆ ಬಂದ ಮೇಲೆ ನಾನು ಬಿಡಲಿಲ್ಲ. "ಅಪ್ಪಾ, ಕಣ್ಣು ಕಾಣದ ಡಾಕ್ಟ್ರು ಅಪಾಯ ಅಂದ್ರಿ. ಇವತ್ತು ಆ ಮನುಷ್ಯನ್ನ ಯಾವ ಕಣ್ಣಲ್ಲಿ ನೋಡಿದ್ರಿ ಹೇಳಿ?" ಶಾಪು ಮುಚ್ಚಲೆಂದು ಪೆಟ್ಟಿಗೆಗೆ ಹಾಕಿಟ್ಟಿದ್ದ ಔಷಧಿ ಬಾಟಲಿಗಳನ್ನು ಮಾರನೆಯ ದಿನ ಅಪ್ಪ ತಾವೇ ತಡವಿ ತಡವಿ ಹೊರಗೆ ಜೋಡಿಸುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ನನಗೆ ಅಷ್ಟು ಸಾಕಾಗಿತ್ತು.

ಉಳಿದದ್ದು ಒಂದೇ ಸರದಿ. ಇನ್ನು ಹಟ ಅಂದರೆ ಏನು ಅಂತ ನಾನು ತಿಗಣೆಗೆ ತೋರಿಸಬೇಕಿತ್ತು. ದಿನಾ ಬೆಳಿಗ್ಗೆ ದನಗಳು ನೀರಿಗೆ ಬರುವ ಮುಂಚೆ ಆ ದಿಣ್ಣೆಯಲ್ಲಿ ಇಪ್ಪತ್ತು ಸಲ ನಿಲ್ಲಿಸಿ, ಇಪ್ಪತ್ತು ಸಲ ಎತ್ತುತ್ತಿದ್ದೆ. ಇಂಜಿನ್ ಕಾದರೆ ಅದಕ್ಕೆ ಪೆಟ್ರೋಲ್ ಎತ್ತಿಕೊಡುವ ಪುಟ್ಟ ಪಂಪಿನ ಮೇಲೆ ಒದ್ದೆ ಗೋಣಿತಾಟು ಹೊದಿಸಬೇಕು. ತೀರಾ ಕೈಕೊಟ್ಟರೆ ಮುಂಗಡೆ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಅಪ್ಪನಿಗೆ ತಳ್ಳುವವರು ಇದ್ದದ್ದರಿಂದ ಆ ಹ್ಯಾಂಡಲ್ ಸೀಟಿನ ಕೆಳಗೆ ತುಕ್ಕು ಹಿಡಿದು ಬಿದ್ದಿತ್ತು. "ಹೆಬ್ಬೆಟ್ಟು ಆಕಡೆ ಹಾಕಬ್ಯಾಡ ಬೇಟಿ, ಬೆರಳ ಪಕ್ಕಕ್ಕೇ ಇಟ್ಕೋ. ಹ್ಯಾಂಡಲ್ ತಿರುಗಿ ಹೊಡೆದ್ರೆ ಮಣಿಕಟ್ಟು ಖತಂ" ಅಂದರು ಮಸ್ತಾನ್ ಸಾಬರು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಅಮ್ಮ ಬೈಯುತ್ತಲೇ ಅರಿಶಿನ ಹಚ್ಚಿದಳು. ಕೈಗೆ ಹಚ್ಚಿ ಉಳಿದದ್ದು ರೇಡಿಯೇಟರಿಗೆ.

ಒಂದು ದಿನ ಮಸ್ತಾನ್ ಸಾಬರ ಜೊತೆ ಪಾವಗಡದ ರಸ್ತೆಯಲ್ಲಿ ನಿಡುಗಲ್ಲಿನವರೆಗೆ ಓಡಿಸಿಕೊಂಡು ಹೋಗಿದ್ದೆ. ಬೆಟ್ಟದ ಬುಡದಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕಿ ಕಾರು ಕಂಡವಳೇ ಕೋಲು ಎತ್ತಿ ನಿಲ್ಲಿಸಿದಳು. ಒಳಗೆ ಬಗ್ಗಿ ನೋಡಿ, "ಏಮಮ್ಮಾ, ನುವ್ವೇ ತೋಲ್ತಾವಾ? ಅಪ್ಪಯ್ಯ ಯಾವಾಗ ವಸ್ತಾಡು?" ಅಂದಳು. ನೀನೇ ಓಡಿಸ್ತೀಯಾ, ಅಪ್ಪ ಯಾವಾಗ ಬರ್ತಾರೆ ಅಂತ. ಅವಳ ಕೆಮ್ಮು ನನಗೆ ಪರಿಚಯದ್ದು. ಅಪ್ಪ ಕೊಟ್ಟ ಔಷಧಿ ಮುಗಿದು ಎರಡು ತಿಂಗಳಾಗಿತ್ತು.

"ದೀಪಾವಳಿಗೆ ಬರ್ತಾರೆ" ಅಂದುಬಿಟ್ಟೆ. ಲೈಸೆನ್ಸೇ ಇನ್ನೂ ಕೈಗೆ ಬಂದಿರಲಿಲ್ಲ. ಆದರೆ ಹೇಳಿ ಆಗಿತ್ತು.

ಆಶ್ವಯುಜದ ಕೊನೆ, ಮೂರನೇ ಸರದಿ. ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದರು, ಏರಿಯ ಮೇಲೂ ಬಳ್ಳಿ ಒಣಗಲು ಹರಡಿದ್ದರು. ಇನ್‌ಸ್ಪೆಕ್ಟರು ಸೊರಗಿಹೋಗಿದ್ದರು, ಜೇಬಿನಲ್ಲಿ ಮಾತ್ರೆಯ ಡಬ್ಬಿ ಇತ್ತು. ಸೀಟಿನಲ್ಲಿ ಕೂತು, ಕಾಲು ಮೇಲಕ್ಕೆತ್ತಿ, ನನ್ನ ಕಡೆ ನೋಡದೆ ಹೇಳಿದರು: "ನಿಮ್ಮಪ್ಪ ನನ್ನ ಜೀವ ಉಳಿಸಿದರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ದಿಣ್ಣೇಲಿ ಗಾಡಿ ಹಿಂದಕ್ಕೆ ಜಾರಬಾರದು, ಯಾರೂ ಮುಟ್ಟಬಾರದು. ನಾನಂತೂ ಇಳಿಯಲ್ಲ."

ದಿಣ್ಣೆಯ ಎರಡೂ ಬದಿಗೆ ಪೇಟೆಗೆ ಪೇಟೆಯೇ ಕೂತಿತ್ತು. ಎಲ್ಲರೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಿದ್ದರು. "ಕೈ ತಾನಾಗೇ ಎದ್ಬುಡ್ತವೆ ಕಣಮ್ಮ, ಅದ್ಕೇ ಇಂಗೆ" ಅಂತ ಈರಣ್ಣ ಕೂಗಿ ಹೇಳಿದ. ನಾನು ನಗಲಿಲ್ಲ. ನಡು ದಿಣ್ಣೆಯಲ್ಲಿ ನಿಲ್ಲಿಸಿದೆ, ಹ್ಯಾಂಡ್‌ಬ್ರೇಕು ಎಳೆದೆ, ಮತ್ತೆ ಎತ್ತಿದೆ. ತಿಗಣೆ ಕೆಮ್ಮಿತು. ಸತ್ತಿತು.

ಇಳಿದು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಗೋಣಿ ಹಾಕಿದೆ. ಚುಯ್ಯೆಂದು ಆವಿ ಎದ್ದು ಆ ವಾಸನೆ ಬಂತು. ಹ್ಯಾಂಡಲ್ ತೂರಿಸಿ, ಹೆಬ್ಬೆಟ್ಟನ್ನು ಬೆರಳ ಪಕ್ಕಕ್ಕೆ ಇಟ್ಟು ತಿರುಗಿಸಿದೆ. ಏನೂ ಇಲ್ಲ. ಇನ್ನೊಮ್ಮೆ. ಏನೂ ಇಲ್ಲ. ಬೊಬ್ಬೆ ಒಡೆದು ಹ್ಯಾಂಡಲ್ ಜಾರತೊಡಗಿತು. ಈರಣ್ಣ ಅರ್ಧ ಎದ್ದ. ನಾನು ತಿರುಗಿ ನೋಡಿದೆ, ಕೂತುಕೊಂಡ. "ಮುದಿ ಗೂಬೆ, ಇವತ್ತು ನೀನಿಲ್ಲ ಇಲ್ಲಾ ನಾನಿಲ್ಲ" ಅಂತ ತಿಗಣೆಗೆ ಬೈದು ಮೂರನೇ ಸಲ ಇದ್ದ ಬಲವನ್ನೆಲ್ಲ ಹಾಕಿದೆ. ಗುಡುಗುಡು ಅಂತ ಹತ್ತಿಕೊಂಡಿತು. ಚಕ್ರದ ಕಲ್ಲು ತೆಗೆದು ಓಡಿಹೋಗಿ ಕೂತೆ. ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡುತ್ತಾ ಹ್ಯಾಂಡ್‌ಬ್ರೇಕು ಇಳಿಸಿದೆ. ತಿಗಣೆ ಒಂದು ಬೆರಳಷ್ಟೂ ಹಿಂದಕ್ಕೆ ಜಾರದೆ ದಿಣ್ಣೆ ಹತ್ತಿ ಏರಿಯ ಮೇಲೆ ಹೋಯಿತು. ಕೆಳಗಿನಿಂದ ಚಪ್ಪಾಳೆಯ ಶಬ್ದ ಕೇಳಿಸಿತು. ಕೈಗಳಿಗೆಲ್ಲ ಬಿಡುಗಡೆ ಸಿಕ್ಕಿತ್ತು.

ಇನ್‌ಸ್ಪೆಕ್ಟರು ಇಳಿದು ಫಾರಂ ಬಾನೆಟ್ಟಿನ ಮೇಲೆ ಇಟ್ಟರು. "ಏನ್ರೀ ಇದು, ಇಷ್ಟು ಅದುರುತ್ತೆ? ಸಹಿ ಮಾಡೋದು ಹೆಂಗೆ? ಆಫ್ ಮಾಡ್ರಿ" ಅಂದರು. ಆಫ್ ಮಾಡಿದೆ. ಪಾಸು ಅಂತ ಬರೆದು ಸಹಿ ಹಾಕಿ ಕೈಗೆ ಕೊಟ್ಟರು. ಮೊದಲ ಸಲ ನಕ್ಕರು. ಆಮೇಲೆ ನಾನು ಕೀಲಿ ತಿರುಗಿಸಿದರೆ ತಿಗಣೆಗೆ ಜೀವವೇ ಇಲ್ಲ.

ನನ್ನ ಕೈಯಲ್ಲಿ ಇನ್ನು ಹ್ಯಾಂಡಲ್ ಹಿಡಿಯುವ ಶಕ್ತಿ ಇರಲಿಲ್ಲ. ಪರೀಕ್ಷೆ ಮುಗಿದಿತ್ತಲ್ಲ, "ಈರಣ್ಣಾ, ಈಗ ಬರ್ರೋ, ತಳ್ಳಿ!" ಅಂತ ಕೂಗಿದೆ. ಅವರು ಏರಿ ಹತ್ತಿ ಓಡಿ ಬಂದರು.

"ಯಾರೂ ಕೈ ಹಚ್ಚಬೇಡಿ."

ಹೇಳಿದ್ದು ಅಪ್ಪ. ಅವತ್ತೂ ಅಮ್ಮನ ಜೊತೆ ಕಟ್ಟೆಯಲ್ಲಿ ಕೂತಿದ್ದವರು ಇಳಿದು ಬಂದಿದ್ದರು. ಅಮ್ಮನ ಭುಜ ಬಿಟ್ಟು, ತಿಗಣೆಯ ಮೂತಿಯನ್ನು ಮುಟ್ಟಿ, ಬಾಗಿಲನ್ನು ಸವರಿ, ಗುಂಡು ಬೆನ್ನಿನ ಮೇಲೆ ಕೈಯಾಡಿಸುತ್ತಾ ಹಿಂದಕ್ಕೆ ಹೋದರು. ಇಷ್ಟು ವರ್ಷ ಸ್ಟೇರಿಂಗ್ ಹಿಡಿದು ಕೂತವರೇ ಹೊರತು ಒಂದು ದಿನವೂ ಅವರು ಆ ಕಾರನ್ನು ತಳ್ಳಿದವರಲ್ಲ. ಮುಂಗೈ ಗುಂಡಿ ಬಿಚ್ಚಿ ತೋಳು ಮಡಿಸಿಕೊಂಡರು. ಎರಡೂ ಕೈ ಕೊಟ್ಟು ತಳ್ಳಿದರು.

ತಿಗಣೆ ಕದಲಿತು. ಸಣ್ಣ ಕನ್ನಡಿಯಲ್ಲಿ ಅಪ್ಪನ ಬಿಳಿ ತಲೆ ಮಾತ್ರ ಕಾಣುತ್ತಿತ್ತು. ನಾನು ಕಿಟಕಿಯಿಂದ ಕಿವಿ ಹೊರಗಿಟ್ಟೆ. ಒಂದು, ಎರಡು, ಮೂರು. ಹತ್ತನೇ ಹೆಜ್ಜೆಗೆ ಆ ಕಡೆಯ ಇಳಿಜಾರು ಸಿಕ್ಕಿ ಇಂಜಿನ್ ಹತ್ತಿಕೊಂಡಿತು. ಬ್ರೇಕು ಹಾಕಿ ಕಾದೆ. ಅಪ್ಪ ಕಾರನ್ನು ತಡವಿಕೊಂಡು ನನ್ನ ಕಿಟಕಿಯ ಹತ್ತಿರ ಬಂದು ನಿಂತರು.

"ಏನಮ್ಮಾ ಕಾಂಪೌಂಡರ್, ಉಸಿರು ಹೇಗಿದೆ?"

ಈ ಸಲ ತೀರ್ಪು ಹೇಳಬೇಕಾದವಳು ನಾನೇ.

"ಏದುಸಿರಿಲ್ಲಪ್ಪ. ನಾಳೆಯಿಂದ ಕೆಲಸಕ್ಕೆ ಹೋಗಬಹುದು."

"ನಾಳೆ ಯಾಕೆ?" ಅಂದರು. ಆ ಕಡೆಗೆ ಸುತ್ತಿ ಬಂದು, ಬಾಗಿಲು ತೆಗೆದು, ಇಷ್ಟು ವರ್ಷ ನಾನು ಕೂರುತ್ತಿದ್ದ ಸೀಟಿನಲ್ಲಿ ಕೂತರು. ಅಮ್ಮ ಕಟ್ಟೆಗೆ ಹೊತ್ತು ತಂದಿದ್ದ ಔಷಧಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಡಿಸಿಕೊಂಡರು. "ನಿಡುಗಲ್ಲಿನ ಮುದುಕಿಗೆ ದೀಪಾವಳಿಗೆ ಬರ್ತೀನಿ ಅಂತ ಹೇಳಿದೀಯಂತಲ್ಲ, ಮಸ್ತಾನ್ ಸಾಬರು ಹೇಳಿದರು. ಒಂದು ವಾರ ಮೊದಲೇ ಹೋಗೋಣ ನಡಿ."

ನಾನು ಗೇರು ಹಾಕಿದೆ.